ಗಲ್ಲಾಪೆಟ್ಟಿಗೆ, ಬ್ಯಾಂಕ್ ಖಾತೆ: ಎರಡರ ಲೆಕ್ಕ ತಾಳೆ ಹಾಕುವುದು ಹೇಗೆ?

ಕ್ಯಾಶ್ ತೆಗೆದುಕೊಂಡರೆ ತೆರಿಗೆ ಇಲ್ಲ, ಫೋನಿನಲ್ಲಿ ತೆಗೆದುಕೊಂಡರೆ ತೆರಿಗೆ ಬೀಳುತ್ತದೆ. ಸಣ್ಣ ವ್ಯಾಪಾರ ಮಾಡುವವರ ನಡುವೆ ಈ ಮಾತು ಎಷ್ಟು ಬೇರೂರಿದೆ ಅಂದರೆ ಅದನ್ನು ಯಾರೂ ಪ್ರಶ್ನೆ ಮಾಡುವುದೇ ಇಲ್ಲ. ಆದರೆ ಅದು ತಪ್ಪು. ತೆರಿಗೆ ಬೀಳುವುದು ಮಾರಾಟದ ಮೇಲೆ, ಲಾಭದ ಮೇಲೆ. ದುಡ್ಡು ನೋಟಿನಲ್ಲಿ ಬಂತಾ, ಕಾರ್ಡ್ ಉಜ್ಜಿ ಬಂತಾ, ಕ್ಯೂಆರ್ ಸ್ಕ್ಯಾನ್ ಮಾಡಿ ಬಂತಾ ಅನ್ನುವುದಕ್ಕೂ ತೆರಿಗೆ ಹುಟ್ಟುವುದಕ್ಕೂ ಸಂಬಂಧ ಇಲ್ಲ. ವ್ಯತ್ಯಾಸ ಬರುವುದು ದಾಖಲೆಯಲ್ಲಿ. ನೋಟಿನ ವ್ಯಾಪಾರದ ಲೆಕ್ಕ ನೀವು ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಲೆಕ್ಟ್ರಾನಿಕ್ ಪಾವತಿಯ ಲೆಕ್ಕ ನೀವು ಬರೆಯದಿದ್ದರೂ ಬ್ಯಾಂಕಿನಲ್ಲಿ ಇರುತ್ತದೆ, ಪಾವತಿ ಕಂಪನಿಯಲ್ಲಿ ಇರುತ್ತದೆ, ಕೇಳಿದರೆ ತೆರಿಗೆ ಇಲಾಖೆಗೂ ಸಿಗುತ್ತದೆ.

2025ರ ಜುಲೈನಲ್ಲಿ ಕರ್ನಾಟಕದಲ್ಲಿ ಆಗಿದ್ದು ಇದೇ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಕೆಲವರು ಕ್ಯೂಆರ್ ಕೋಡ್ ಕಿತ್ತುಹಾಕಿ ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದರು. ಹಾಲು, ತರಕಾರಿಯಂಥ ತೆರಿಗೆಯೇ ಇಲ್ಲದ ಸರಕು ಮಾರುವವರಿಗೂ ನೋಟಿಸ್ ಹೋಗಿತ್ತು. ಯಾಕೆ? ಖಾತೆಗೆ ಎಷ್ಟು ಬಂತು ಅನ್ನುವುದು ಮಾತ್ರ ಇಲಾಖೆಗೆ ಕಾಣುತ್ತಿತ್ತು. ಯಾಕಾಗಿ ಬಂತು ಅನ್ನುವುದು ಕಾಣುತ್ತಿರಲಿಲ್ಲ. ಆ ‘ಯಾಕಾಗಿ’ ಹೇಳುವ ಕಾಗದ ವ್ಯಾಪಾರಿಯ ಕೈಯಲ್ಲೇ ಇರಬೇಕು. ಅದನ್ನು ಮಾಡಿಟ್ಟುಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನ. ಯಾವ ದೇಶದಲ್ಲಿ ವ್ಯಾಪಾರ ಮಾಡಿದರೂ ಕ್ರಮ ಹೆಚ್ಚು ಕಡಿಮೆ ಇದೇ. ದರ ಮತ್ತು ಮಿತಿಗಳು ಮಾತ್ರ ಬೇರೆ ಬೇರೆ.

1. ಮೊದಲು ಖಾತೆ ಬೇರೆ ಮಾಡಿ

ಇದೊಂದು ಕೆಲಸ ಮಾಡಿದರೆ ಅರ್ಧ ತಲೆನೋವು ಹೋದ ಹಾಗೆ. ವ್ಯಾಪಾರಕ್ಕೆ ಒಂದು ಬ್ಯಾಂಕ್ ಖಾತೆ, ಮನೆಗೆ ಇನ್ನೊಂದು. ಕ್ಯೂಆರ್ ಕೋಡ್, ಕಾರ್ಡ್ ಯಂತ್ರ, ಆನ್‌ಲೈನ್ ಆರ್ಡರ್ ಎಲ್ಲದರ ದುಡ್ಡೂ ವ್ಯಾಪಾರದ ಖಾತೆಗೇ ಬರಲಿ. ಅಣ್ಣ ಕೊಟ್ಟ ಕೈಗಡ, ಸ್ನೇಹಿತರು ಊಟದ ಬಿಲ್ಲು ಹಂಚಿಕೊಂಡು ಕಳಿಸಿದ ಪಾಲು, ಹಳೇ ಗಾಡಿ ಮಾರಿದ ದುಡ್ಡು, ಇವೆಲ್ಲ ಮನೆ ಖಾತೆಗೆ ಹೋಗಲಿ. ಎರಡೂ ಒಂದೇ ಖಾತೆಯಲ್ಲಿ ಕಲಸಿಹೋದರೆ ಮೂರು ವರ್ಷದ ನಂತರ ‘ಇದು ಮಾರಾಟ ಅಲ್ಲ, ಸಾಲ’ ಅಂತ ಸಾಬೀತು ಮಾಡುವ ಹೊರೆ ನಿಮ್ಮ ಮೇಲೇ ಬೀಳುತ್ತದೆ. ಅಷ್ಟು ಹೊತ್ತಿಗೆ ಯಾವುದು ಯಾವುದು ಅಂತ ನಿಮಗೇ ನೆನಪಿರುವುದಿಲ್ಲ, ಅಲ್ವಾ?

ವ್ಯಾಪಾರದ ದುಡ್ಡು ಮನೆ ಖರ್ಚಿಗೆ ಬೇಕಾದರೆ ತೆಗೆದುಕೊಳ್ಳಿ, ಅದು ನಿಮ್ಮದೇ. ಆದರೆ ಒಂದು ಮೊತ್ತವಾಗಿ ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗ ಮಾಡಿ. ಗಲ್ಲಾಪೆಟ್ಟಿಗೆಗೆ ಕೈ ಹಾಕಿ ತೆಗೆದರೆ ಒಂದು ಚೀಟಿ ಬರೆದು ಒಳಗೆ ಹಾಕಿ.

2. ಪ್ರತಿ ಮಾರಾಟಕ್ಕೂ ಬಿಲ್ಲು, ಬಿಲ್ಲಿನ ಮೇಲೆ ಪಾವತಿಯ ಗುರುತು

ಬಿಲ್ಲಿನ ಸಂಖ್ಯೆ, ದಿನಾಂಕ, ಏನು ಮಾರಿದಿರಿ, ಎಷ್ಟಕ್ಕೆ, ತೆರಿಗೆ ಎಷ್ಟು, ಮತ್ತು ದುಡ್ಡು ಹೇಗೆ ಬಂತು. ಕೊನೆಯದನ್ನು ಬಹಳ ಜನ ಬಿಡುತ್ತಾರೆ. ಕ್ಯಾಶ್, ಕಾರ್ಡ್, ಫೋನ್, ಉದ್ರಿ: ನಾಲ್ಕರಲ್ಲಿ ಒಂದು ಗುರುತು ಹಾಕುವುದಕ್ಕೆ ಒಂದು ಕ್ಷಣ ಸಾಕು. ಬಿಲ್ಲಿನ ಸಂಖ್ಯೆ ಸಾಲಾಗಿ ಇರಬೇಕು, ನಡುವೆ ಒಂದೂ ಹಾರಬಾರದು. ತಪ್ಪಾದ ಬಿಲ್ಲನ್ನು ಹರಿದು ಎಸೆಯಬೇಡಿ, ‘ರದ್ದು’ ಅಂತ ಬರೆದು ಅದೇ ಜಾಗದಲ್ಲಿ ಇಡಿ. ತಪಾಸಣೆಗೆ ಬಂದವರು ಮೊದಲು ನೋಡುವುದು ಸಾಲಿನಲ್ಲಿ ಕಾಣೆಯಾದ ಸಂಖ್ಯೆಗಳನ್ನೇ.

ಈ ಬಿಲ್ಲಿಗೆ ಸರ್ಕಾರಗಳು ಎಷ್ಟು ಬೆಲೆ ಕೊಡುತ್ತವೆ ಅನ್ನುವುದಕ್ಕೆ ಕೆಲವು ಉದಾಹರಣೆ ಹೇಳುತ್ತೇನೆ. ದಕ್ಷಿಣ ಕೊರಿಯಾ 1999ರಲ್ಲಿ ಕಾರ್ಡ್‌ನಿಂದ ಖರ್ಚು ಮಾಡಿದವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಲು ಶುರು ಮಾಡಿತು. 2005ರಲ್ಲಿ ನಗದು ರಸೀದಿ ವ್ಯವಸ್ಥೆ ತಂದು, ಕ್ಯಾಶ್ ಕೊಟ್ಟು ರಸೀದಿ ಪಡೆದವರಿಗೂ ರಿಯಾಯಿತಿ ಕೊಟ್ಟಿತು. ಬ್ರೆಜಿಲ್‌ನ ಸಾವೊ ಪೌಲೊ ರಾಜ್ಯ 2007ರಲ್ಲಿ ಇನ್ನೂ ಮುಂದೆ ಹೋಯಿತು. ಗ್ರಾಹಕ ತನ್ನ ತೆರಿಗೆ ಸಂಖ್ಯೆ ಕೊಟ್ಟು ಬಿಲ್ಲು ಕೇಳಿದರೆ ಅಂಗಡಿ ಕಟ್ಟಿದ ತೆರಿಗೆಯಲ್ಲಿ ಒಂದು ಪಾಲು ಅವನಿಗೇ ವಾಪಸ್, ಜೊತೆಗೆ ಲಾಟರಿ. ಗ್ರಾಹಕರೇ ಲೆಕ್ಕ ತನಿಖೆ ಮಾಡುವವರಾಗಿಬಿಟ್ಟರು. ಸ್ವೀಡನ್ 2010ರಿಂದ, ಕ್ಯಾಶ್ ತೆಗೆದುಕೊಳ್ಳುವ ಹೆಚ್ಚಿನ ವ್ಯಾಪಾರಿಗಳು ಪ್ರಮಾಣೀಕೃತ ಕ್ಯಾಶ್ ರಿಜಿಸ್ಟರ್ ಯಂತ್ರ ಇಡಬೇಕು ಅಂತ ಕಡ್ಡಾಯ ಮಾಡಿತು. ಗಮನಿಸಿ, ಕೊರಿಯಾದ ರಸೀದಿಯಾಗಲಿ ಸ್ವೀಡನ್ನಿನ ಯಂತ್ರವಾಗಲಿ ಕ್ಯಾಶ್ ಬೇಡ ಅನ್ನುವುದಿಲ್ಲ. ಕ್ಯಾಶ್ ಇರಲಿ, ಅದಕ್ಕೂ ದಾಖಲೆ ಇರಲಿ ಅನ್ನುತ್ತದೆ.

3. ಸಂಜೆ ಬಾಗಿಲು ಹಾಕುವ ಮುಂಚೆ ತಾಳೆ ಹಾಕಿ

ಇದು ಈ ಲೇಖನದ ಮುಖ್ಯ ಭಾಗ, ಸ್ವಲ್ಪ ನಿಧಾನವಾಗಿ ಓದಿ.

ಒಂದು ದಿನದ ಒಟ್ಟು ಬಿಲ್ಲು 10,000 ಅಂದುಕೊಳ್ಳಿ. ಅದರಲ್ಲಿ ಕ್ಯಾಶ್ 4,200, ಕಾರ್ಡ್ 3,500, ಫೋನ್ 2,300. ಬೆಳಿಗ್ಗೆ ಚಿಲ್ಲರೆಗೆ ಅಂತ ಪೆಟ್ಟಿಗೆಯಲ್ಲಿ 500 ಇಟ್ಟಿದ್ದಿರಿ. ಮಧ್ಯಾಹ್ನ ಸಾಗಣೆಯವನಿಗೆ ಪೆಟ್ಟಿಗೆಯಿಂದಲೇ 350 ಕೊಟ್ಟಿರಿ. ಹಾಗಾದರೆ ರಾತ್ರಿ ಪೆಟ್ಟಿಗೆಯಲ್ಲಿ ಎಷ್ಟಿರಬೇಕು? 500ಕ್ಕೆ 4,200 ಕೂಡಿಸಿ, 350 ಕಳೆಯಿರಿ: 4,350. ಎಣಿಸಿದಾಗ ಸಿಕ್ಕಿದ್ದು 4,310. ಅಂದರೆ 40 ಕಡಿಮೆ.

ಈಗ ಹೆಚ್ಚಿನವರು ಏನು ಮಾಡುತ್ತಾರೆ ಅಂದರೆ ಜೇಬಿನಿಂದ 40 ಹಾಕಿ ಸರಿ ಮಾಡುತ್ತಾರೆ, ಇಲ್ಲವೇ ಮಾರಾಟವನ್ನೇ 40 ಕಮ್ಮಿ ಬರೆಯುತ್ತಾರೆ. ಎರಡೂ ಬೇಡ. ಮಾರಾಟ 4,200 ಅಂತಲೇ ಇರಲಿ, ಪಕ್ಕದಲ್ಲಿ ‘ಪೆಟ್ಟಿಗೆಯಲ್ಲಿ 40 ಕೊರತೆ’ ಅಂತ ಬರೆಯಿರಿ. ಒಂದು ದಿನದ ಕೊರತೆ ದೊಡ್ಡ ವಿಷಯವಲ್ಲ. ಆದರೆ ಒಂದು ತಿಂಗಳ ಕೊರತೆಗಳನ್ನು ಸಾಲಾಗಿ ನೋಡಿದರೆ ಅದು ಯಾವ ವಾರ, ಯಾರು ಕೌಂಟರ್‌ನಲ್ಲಿದ್ದಾಗ, ಎಷ್ಟು ಹೊತ್ತಿಗೆ ಆಗುತ್ತಿದೆ ಅನ್ನುವುದು ಎದ್ದು ಕಾಣುತ್ತದೆ. ದಿನಾ ಸರಿಯಾಗಿ ಸೊನ್ನೆಗೆ ಬರುವ ಪುಸ್ತಕವನ್ನು ನಾನಂತೂ ನಂಬುವುದಿಲ್ಲ. ನೋಟು ಎಣಿಸುವ ಕೈಗಳು ಅಷ್ಟು ನಿಖರ ಇರುವುದಿಲ್ಲ.

ಫೋನಿನ 2,300ಕ್ಕೆ ಆ್ಯಪ್‌ನಲ್ಲಿ ದಿನದ ವರದಿ ಇರುತ್ತದೆ. ಅದನ್ನು ತೆಗೆದು ಬಿಲ್ಲಿನ ಮೊತ್ತದ ಜೊತೆ ನೋಡಿ. ಗ್ರಾಹಕ ಫೋನ್ ತೋರಿಸಿದ ಮಾತ್ರಕ್ಕೆ ದುಡ್ಡು ಬಂತು ಅಂತ ಅಲ್ಲ. ನಿಮ್ಮ ಕಡೆ ಜಮಾ ಆದ ಸಂದೇಶ ಬಂದ ಮೇಲೇ ಬಿಲ್ಲಿಗೆ ಗುರುತು ಹಾಕಿ. ನಕಲಿ ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರು ಎಲ್ಲಾ ಕಡೆ ಇದ್ದಾರೆ.

4. ಕೈಗೆ ಬಂದಿದ್ದನ್ನೇ ಮಾರಾಟ ಅಂತ ಬರೆಯಬೇಡಿ

ಕಾರ್ಡ್‌ನ 3,500 ಅದೇ ದಿನ ಬರುವುದಿಲ್ಲ. ಸಾಮಾನ್ಯವಾಗಿ ಮಾರನೇ ದಿನವೋ ಅದರ ಮಾರನೇ ದಿನವೋ ಬರುತ್ತದೆ, ಅದೂ ಕಮಿಷನ್ ಕಳೆದು. ಕಮಿಷನ್ ನೂರಕ್ಕೆ 2 ಅಂತಿದ್ದರೆ ಬರುವುದು 3,430. ಇಲ್ಲಿ ಮಾರಾಟ 3,500, ಖರ್ಚು 70. ಸುಮ್ನೆ 3,430 ಅಂತ ಒಂದೇ ಸಾಲು ಬರೆದರೆ ಲಾಭ ಅಷ್ಟೇ ಬರಬಹುದು, ಆದರೆ ನಿಮ್ಮ ವಹಿವಾಟು ಪಾವತಿ ಕಂಪನಿ ಕೊಟ್ಟ ಲೆಕ್ಕಕ್ಕಿಂತ ಕಡಿಮೆ ಕಾಣುತ್ತದೆ. ತೆರಿಗೆ ಇಲಾಖೆಗೆ ಹೋಗುವ ವರದಿಯಲ್ಲಿ ಇರುವುದು ಕಮಿಷನ್ ಕಳೆಯುವ ಮುಂಚಿನ ಮೊತ್ತ. ಅಮೆರಿಕದಲ್ಲಿ ಪಾವತಿ ಕಂಪನಿಗಳು ಕೊಡುವ 1099-ಕೆ ಫಾರ್ಮ್ ಕೂಡ ಹೀಗೇ, ಶುಲ್ಕ, ವಾಪಸಾತಿ ಯಾವುದನ್ನೂ ಕಳೆಯದ ಒಟ್ಟು ಮೊತ್ತವನ್ನೇ ತೋರಿಸುತ್ತದೆ. ಆ ಮೊತ್ತಕ್ಕೂ ನಿಮ್ಮ ಪುಸ್ತಕಕ್ಕೂ ಹೊಂದಿಕೆ ಆಗದಿದ್ದರೆ ಪ್ರಶ್ನೆ ಬರುವುದು ಸಹಜ.

ಸರಕು ವಾಪಸ್ ಬಂದಾಗಲೂ ಹಾಗೇ. ಹಳೇ ಮಾರಾಟವನ್ನು ಅಳಿಸಬೇಡಿ. ವಾಪಸಾತಿಗೆ ಬೇರೆ ಚೀಟಿ ಮಾಡಿ, ಮೂಲ ಬಿಲ್ಲಿನ ಸಂಖ್ಯೆ ಅದರಲ್ಲಿ ಬರೆಯಿರಿ. ದುಡ್ಡು ಬಂದ ದಾರಿಯಲ್ಲೇ ವಾಪಸ್ ಕಳಿಸಿ. ಕಾರ್ಡ್‌ನಲ್ಲಿ ಕೊಟ್ಟವರಿಗೆ ಕ್ಯಾಶ್ ವಾಪಸ್ ಕೊಟ್ಟರೆ ಬ್ಯಾಂಕಿನ ಲೆಕ್ಕದಲ್ಲಿ ಆ ಮಾರಾಟ ಹಾಗೇ ಉಳಿಯುತ್ತದೆ. ಮೇಲಾಗಿ ಅದೇ ಗ್ರಾಹಕ ಬ್ಯಾಂಕಿಗೆ ದೂರು ಕೊಟ್ಟು ಇನ್ನೊಂದು ಸಲ ವಾಪಸ್ ಪಡೆದರೂ ನಿಮ್ಮ ಬಳಿ ಪುರಾವೆ ಇರುವುದಿಲ್ಲ.

5. ಬಂದ ದುಡ್ಡಲ್ಲಿ ನಿಮ್ಮದಲ್ಲದ್ದನ್ನು ಪಕ್ಕಕ್ಕಿಡಿ

ಮಾರಾಟ ತೆರಿಗೆ ಸೇರಿಸಿ ಬೆಲೆ ತೆಗೆದುಕೊಂಡಿದ್ದರೆ ಅದರಲ್ಲಿ ಒಂದು ಭಾಗ ಸರ್ಕಾರದ್ದು. ತೆರಿಗೆ ದರ ನೂರಕ್ಕೆ 10 ಇದ್ದು, ಮೇಲಿನ 10,000ದಲ್ಲಿ ಅದು ಸೇರಿಕೊಂಡಿದ್ದರೆ ತೆರಿಗೆ ಎಷ್ಟು? ಹೆಚ್ಚಿನವರು 1,000 ಅನ್ನುತ್ತಾರೆ. ಸರಿಯಾದ ಲೆಕ್ಕ 10,000ವನ್ನು 110ರಿಂದ ಭಾಗಿಸಿ 10ರಿಂದ ಗುಣಿಸುವುದು. ಅಂದರೆ ಸುಮಾರು 909. ಉಳಿದ 9,091 ಮಾತ್ರ ನಿಮ್ಮ ವ್ಯಾಪಾರ. ಪ್ರತಿ ದಿನದ ಇಂಥ ತೆರಿಗೆ ಪಾಲನ್ನು ಕೂಡಿಸಿ ವಾರಕ್ಕೊಮ್ಮೆ ಬೇರೆ ಖಾತೆಗೆ ಹಾಕಿಟ್ಟರೆ ತೆರಿಗೆ ಕಟ್ಟುವ ದಿನ ಸಾಲ ಹುಡುಕಿಕೊಂಡು ಓಡಾಡಬೇಕಿಲ್ಲ. ಸಣ್ಣ ವ್ಯಾಪಾರಗಳನ್ನು ಮುಳುಗಿಸುವುದರಲ್ಲಿ ಈ ದುಡ್ಡನ್ನು ನಮ್ಮದು ಅಂದುಕೊಂಡು ಸರಕಿಗೆ ಹಾಕಿಬಿಡುವುದು ಒಂದು ದೊಡ್ಡ ಕಾರಣ. ಇದನ್ನು ನೋಡಿದಾಗಲೆಲ್ಲ ಬೇಜಾರಾಗುತ್ತದೆ, ಯಾಕೆಂದರೆ ಇದು ತಪ್ಪಿಸಬಹುದಾದ ನಷ್ಟ.

ಇನ್ನೊಂದು ಸಣ್ಣ ವಿಷಯ. ಕಾರ್ಡ್ ಕಮಿಷನ್ ಹಾಕುವುದು ತೆರಿಗೆ ಸೇರಿದ ಮೊತ್ತದ ಮೇಲೆ. 100ರ ಸರಕಿಗೆ 10 ತೆರಿಗೆ ಸೇರಿ 110 ಉಜ್ಜಿದರೆ ನೂರಕ್ಕೆ 2ರಂತೆ ಕಮಿಷನ್ 2.20. ಅಂದರೆ ಸರ್ಕಾರದ ದುಡ್ಡನ್ನು ವಸೂಲಿ ಮಾಡಿಕೊಡುವುದಕ್ಕೂ ಕಮಿಷನ್ ಕೊಡುತ್ತಿರುವುದು ನೀವೇ.

6. ಕ್ಯಾಶ್‌ಗೂ ಖರ್ಚಿದೆ, ಅದನ್ನೂ ಬರೆದು ನೋಡಿ

ಕಮಿಷನ್ ಬಿಲ್ಲಿನಲ್ಲಿ ಕಾಣುತ್ತದೆ, ಹಾಗಾಗಿ ಹೊಟ್ಟೆ ಉರಿಸುತ್ತದೆ. ನೂರರಲ್ಲಿ 10 ಲಾಭ ಇರುವ ವ್ಯಾಪಾರದಲ್ಲಿ 2 ಕಮಿಷನ್ ಹೋದರೆ ಲಾಭದ ಐದನೇ ಒಂದು ಭಾಗವೇ ಹೋಯಿತು. ಈ ಸಿಟ್ಟು ನ್ಯಾಯವಾದದ್ದೇ. ಆದರೆ ಕ್ಯಾಶ್ ಪುಕ್ಕಟೆ ಅನ್ನುವುದೂ ಸರಿಯಲ್ಲ. ಎಣಿಸುವ ಹೊತ್ತು, ಚಿಲ್ಲರೆ ಹೊಂದಿಸುವ ಪರದಾಟ, ಬ್ಯಾಂಕಿಗೆ ಹೋಗಿ ಬರುವ ಸಮಯ, ಜಮಾ ಶುಲ್ಕ, ಖೋಟಾ ನೋಟು, ಕಳ್ಳತನದ ಭಯ, ಚಿಲ್ಲರೆಗೆ ಅಂತ ಸದಾ ಸುಮ್ಮನೆ ಕೂತಿರುವ ದುಡ್ಡು. ಒಂದು ತಿಂಗಳು ಇವನ್ನೆಲ್ಲ ಬರೆದು, ಕ್ಯಾಶ್ ಮಾರಾಟದ ನೂರಕ್ಕೆ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಕೆಲವರಿಗೆ ಕ್ಯಾಶೇ ಅಗ್ಗ ಅಂತ ಬರುತ್ತದೆ. ಕೆಲವರಿಗೆ ಉಲ್ಟಾ.

ಕಮಿಷನ್ ಎಲ್ಲಾ ಕಡೆ ಒಂದೇ ಅಲ್ಲ. ಯುರೋಪಿಯನ್ ಒಕ್ಕೂಟ 2015ರ ಕಾನೂನಿನಲ್ಲಿ ಗ್ರಾಹಕರ ಡೆಬಿಟ್ ಕಾರ್ಡ್‌ಗೆ ಬ್ಯಾಂಕ್‌ಗಳ ನಡುವಿನ ಶುಲ್ಕವನ್ನು (ಕಮಿಷನ್‌ನ ಒಂದು ಭಾಗ ಇದು) ಶೇ 0.2ಕ್ಕೆ, ಕ್ರೆಡಿಟ್ ಕಾರ್ಡ್‌ಗೆ ಶೇ 0.3ಕ್ಕೆ ಕಟ್ಟಿಹಾಕಿತು. ಭಾರತದಲ್ಲಿ 2020ರ ಜನವರಿಯಿಂದ ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗೆ ವ್ಯಾಪಾರಿಯಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ ಅಂತಾಯಿತು. ಬ್ರೆಜಿಲ್‌ನ ಕೇಂದ್ರ ಬ್ಯಾಂಕ್ 2020ರ ನವೆಂಬರ್‌ನಲ್ಲಿ ಪಿಕ್ಸ್ ಅನ್ನುವ, ಖಾತೆಯಿಂದ ಖಾತೆಗೆ ಹೋಗುವ ತಕ್ಷಣದ ಪಾವತಿ ಶುರು ಮಾಡಿತು. ಹಾಗಾಗಿ ‘ಎಲೆಕ್ಟ್ರಾನಿಕ್’ ಅಂತ ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟದೆ, ಕ್ರೆಡಿಟ್ ಕಾರ್ಡ್‌ಗೆ ಎಷ್ಟು, ಡೆಬಿಟ್‌ಗೆ ಎಷ್ಟು, ಖಾತೆಯಿಂದ ಖಾತೆಗೆ ಎಷ್ಟು ಅಂತ ಪ್ರತ್ಯೇಕವಾಗಿ ಕೇಳಿ. ಯಂತ್ರದ ಬಾಡಿಗೆ ಎಷ್ಟು ಅಂತಲೂ ಕೇಳಿ, ಅದನ್ನು ಅವರಾಗಿ ಹೇಳುವುದು ಕಡಿಮೆ.

ತೆರಿಗೆಯಿಂದ ಪಾವತಿಯ ದಾರಿಯೇ ಬದಲಾಗುವುದೂ ಉಂಟು. ಉಗಾಂಡಾ 2018ರ ಜುಲೈನಲ್ಲಿ ಮೊಬೈಲ್ ಹಣದ, ಅಂದರೆ ಫೋನ್ ನಂಬರಿನ ಖಾತೆಯಲ್ಲೇ ದುಡ್ಡು ಇಟ್ಟು ಕಳಿಸುವ ವ್ಯವಸ್ಥೆಯ, ವಹಿವಾಟಿಗೆ ಶೇ 1ರ ತೆರಿಗೆ ಹಾಕಿತು. ಜನ ಬೀದಿಗಿಳಿದರು, ಮೊಬೈಲ್ ಹಣ ಬಿಟ್ಟು ಮತ್ತೆ ನೋಟಿನ ಕಡೆ ತಿರುಗಿದರು. ಅದೇ ವರ್ಷ ಅದನ್ನು ಶೇ 0.5ಕ್ಕೆ ಇಳಿಸಿ, ಹಣ ತೆಗೆಯುವಾಗ ಮಾತ್ರ ಅಂತ ಮಾಡಬೇಕಾಯಿತು. ಘಾನಾ 2022ರಲ್ಲಿ ಇ-ಲೆವಿ ಅನ್ನುವ ಶೇ 1.5ರ ಎಲೆಕ್ಟ್ರಾನಿಕ್ ಪಾವತಿ ತೆರಿಗೆ ತಂದು, ಆಮೇಲೆ ಶೇ 1ಕ್ಕೆ ಇಳಿಸಿ, 2025ರಲ್ಲಿ ಪೂರ್ತಿ ಕೈಬಿಟ್ಟಿತು. ಪಾವತಿಯ ಮೇಲೇ ತೆರಿಗೆ ಹಾಕಿದರೆ ಜನ ದಾಖಲೆಯಿಲ್ಲದ ದಾರಿ ಹಿಡಿಯುತ್ತಾರೆ. ನನ್ನ ಪ್ರಕಾರ ಇದು ಸರ್ಕಾರಗಳು ಮಾಡಬಾರದ ಕೆಲಸ.

7. ನಿಮ್ಮಲ್ಲಿ ಕ್ಯಾಶ್ ಮಿತಿ ಎಷ್ಟು ಅಂತ ತಿಳಿದುಕೊಳ್ಳಿ

ದೊಡ್ಡ ಮೊತ್ತ ಕ್ಯಾಶ್‌ನಲ್ಲಿ ತೆಗೆದುಕೊಳ್ಳುವುದೇ ಬಹಳ ದೇಶಗಳಲ್ಲಿ ತಪ್ಪು. ಭಾರತದಲ್ಲಿ ಒಬ್ಬರಿಂದ ಒಂದು ದಿನಕ್ಕೆ ಅಥವಾ ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಂಡರೆ ತೆಗೆದುಕೊಂಡಷ್ಟೇ ದಂಡ ಬೀಳಬಹುದು. ಫ್ರಾನ್ಸ್, ಸ್ಪೇನ್‌ಗಳಲ್ಲಿ ವ್ಯಾಪಾರಿಗೆ ಕ್ಯಾಶ್ ಕೊಡುವ ಸಾಮಾನ್ಯ ಮಿತಿ 1,000 ಯೂರೋ. ಅಮೆರಿಕದಲ್ಲಿ ಮಿತಿ ಇಲ್ಲ, ಆದರೆ 10,000 ಡಾಲರ್ ದಾಟಿದರೆ ವ್ಯಾಪಾರಿಯೇ ಸರ್ಕಾರಕ್ಕೆ ವರದಿ ಕೊಡಬೇಕು. ಕಂತು ಕಂತಾಗಿ ತೆಗೆದುಕೊಂಡರೆ ತಪ್ಪಿಸಿಕೊಳ್ಳಬಹುದು ಅನ್ನುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಈ ಕಾನೂನುಗಳಲ್ಲಿ ಒಂದೇ ವ್ಯವಹಾರದ ಕಂತುಗಳನ್ನು ಕೂಡಿಸಿಯೇ ನೋಡುತ್ತಾರೆ.

ಎಲೆಕ್ಟ್ರಾನಿಕ್ ಜಾಸ್ತಿ ಇದ್ದವರಿಗೆ ಅನುಕೂಲಗಳೂ ಇವೆ, ಅವನ್ನು ಕೇಳಿ ಪಡೆಯಿರಿ. ಭಾರತದಲ್ಲಿ ಪುಸ್ತಕ ಇಡದೆ ಅಂದಾಜು ಲಾಭದ ಮೇಲೆ ಆದಾಯ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗೆ ಕ್ಯಾಶ್ ಮಾರಾಟದ ಮೇಲೆ ಶೇ 8 ಲಾಭ ಅಂತ ಹಿಡಿಯುತ್ತಾರೆ, ಬ್ಯಾಂಕ್ ಮೂಲಕ ಬಂದಿದ್ದಕ್ಕೆ ಶೇ 6. ಈ ಯೋಜನೆಯ ವಹಿವಾಟು ಮಿತಿ 2 ಕೋಟಿ. ಕ್ಯಾಶ್ ಪಾಲು ಶೇ 5 ದಾಟದಿದ್ದರೆ 3 ಕೋಟಿ. ಕ್ಯಾಶ್‌ಗಿಂತ ಎಲೆಕ್ಟ್ರಾನಿಕ್‌ಗೆ ತೆರಿಗೆ ಕಡಿಮೆ! ಶುರುವಿನಲ್ಲಿ ಹೇಳಿದ, ವ್ಯಾಪಾರಿಗಳ ನಡುವೆ ಬೇರೂರಿದ ಆ ತಪ್ಪು ಮಾತಿಗೆ ಪೂರಾ ವಿರುದ್ಧ, ಆದರೂ ಬಹಳ ಜನಕ್ಕೆ ಗೊತ್ತೇ ಇಲ್ಲ.

8. ಕ್ಯಾಶ್ ಮಾರಾಟ ಮುಚ್ಚಿಡುವ ಯೋಚನೆ ಇದ್ದರೆ

ನೇರವಾಗಿ ಹೇಳುತ್ತೇನೆ, ಅದು ಕಾಣದೇ ಇರುವುದಿಲ್ಲ. ಸರಕು ಕೊಟ್ಟವನ ಪುಸ್ತಕದಲ್ಲಿ ನೀವು ಕೊಂಡ ಲೆಕ್ಕ ಇದೆ. ನೂರು ಚೀಲ ಕೊಂಡು ಅರವತ್ತು ಚೀಲದ ಮಾರಾಟ ತೋರಿಸಿದರೆ ಉಳಿದ ನಲವತ್ತು ಎಲ್ಲಿ ಅಂತ ಕೇಳುತ್ತಾರೆ. ಕರೆಂಟ್ ಬಿಲ್ಲು, ಕೆಲಸದವರ ಸಂಬಳ, ಬಾಡಿಗೆ ಎಲ್ಲವನ್ನೂ ಮಾರಾಟದ ಪಕ್ಕದಲ್ಲಿ ಇಟ್ಟು ನೋಡುತ್ತಾರೆ. ಇದೇ ಥರದ ಬೇರೆ ವ್ಯಾಪಾರಗಳಲ್ಲಿ ಅರ್ಧದಷ್ಟು ಕ್ಯಾಶ್ ಇದ್ದು ನಿಮ್ಮಲ್ಲಿ ಮಾತ್ರ ಕ್ಯಾಶೇ ಇಲ್ಲದಿದ್ದರೆ ಅದೂ ಎದ್ದು ಕಾಣುತ್ತದೆ. ಬಿಲ್ಲಿಂಗ್ ಯಂತ್ರದಿಂದ ಮಾರಾಟ ಅಳಿಸುವ ಸಾಫ್ಟ್‌ವೇರ್‌ಗಳೂ ಇವೆ, ‘ಝ್ಯಾಪರ್’ ಅನ್ನುತ್ತಾರೆ. ಅದನ್ನು ಮಾರುವುದು, ಇಟ್ಟುಕೊಳ್ಳುವುದು ಹಲವು ದೇಶಗಳಲ್ಲಿ ಅಪರಾಧ.

ಸಿಕ್ಕಿಬೀಳುವುದು ಒಂದು ಕಡೆ ಇರಲಿ. ಮುಚ್ಚಿಟ್ಟ ಮಾರಾಟದಿಂದ ನೇರವಾಗಿ ಪೆಟ್ಟು ತಿನ್ನುವವರು ನೀವೇ. ಸಾಲಕ್ಕೆ ಹೋದರೆ ಬ್ಯಾಂಕ್ ನೋಡುವುದು ಬರೆದ ವಹಿವಾಟನ್ನು. ವರ್ಷಕ್ಕೆ ಇಷ್ಟು ವ್ಯಾಪಾರ ಇದೆ ಅಂತ ಬಾಯಲ್ಲಿ ಹೇಳಿದರೆ ಯಾರೂ ಕೊಡುವುದಿಲ್ಲ. ಬೆಂಕಿ ಬಿದ್ದರೋ ನೀರು ನುಗ್ಗಿದರೋ ವಿಮೆಯವರು ಕೇಳುವುದೂ ಪುಸ್ತಕದಲ್ಲಿದ್ದ ಸರಕನ್ನೇ. ಮುಂದೆ ವ್ಯಾಪಾರವನ್ನೇ ಮಾರಬೇಕಾದರೆ ಕೊಳ್ಳುವವನು ಬೆಲೆ ಕಟ್ಟುವುದು ಕಾಗದದ ಮೇಲಿನ ಲಾಭಕ್ಕೆ. ಇದಕ್ಕಿಂತ ನನಗೆ ನೋವಾಗುವುದು ಕೆಲಸದವರ ವಿಷಯ. ಲೆಕ್ಕಕ್ಕೆ ಸಿಗದ ಕ್ಯಾಶ್‌ನಲ್ಲಿ ಸಂಬಳ ಕೊಟ್ಟರೆ ಅವರಿಗೆ ಭವಿಷ್ಯ ನಿಧಿ, ವಿಮೆ, ಪಿಂಚಣಿ ಯಾವುದೂ ಇಲ್ಲ. ಮಾಲೀಕ ಉಳಿಸಿದ ತೆರಿಗೆಯ ಬೆಲೆಯನ್ನು ಅವರು ವಯಸ್ಸಾದ ಮೇಲೆ ತೆರುತ್ತಾರೆ.

9. ನೆಟ್‌ವರ್ಕ್ ಹೋದ ದಿನಕ್ಕೆ ತಯಾರಿ

ಕ್ಯಾಶ್ ಪೂರ್ತಿ ಬಿಡಬೇಡಿ. 2022ರ ಜುಲೈ 8ರಂದು ಕೆನಡಾದಲ್ಲಿ ಒಂದು ದೊಡ್ಡ ದೂರಸಂಪರ್ಕ ಜಾಲ ಬಿದ್ದುಹೋಗಿ ದೇಶದ ತುಂಬ ಡೆಬಿಟ್ ಪಾವತಿ ನಿಂತುಹೋಯಿತು. ನಾರ್ವೆಯಂಥ ಕ್ಯಾಶ್ ಬಳಕೆ ತೀರಾ ಕಡಿಮೆ ಇರುವ ದೇಶವೂ 2024ರ ಅಕ್ಟೋಬರ್‌ನಿಂದ ಅಂಗಡಿಗಳಲ್ಲಿ ಕ್ಯಾಶ್ ಕೊಡುವ ಗ್ರಾಹಕರ ಹಕ್ಕನ್ನು ಕಾನೂನಿನಲ್ಲಿ ಇನ್ನಷ್ಟು ಗಟ್ಟಿ ಮಾಡಿತು. ಸ್ಮಾರ್ಟ್‌ಫೋನ್ ಇಲ್ಲದ ವಯಸ್ಸಾದವರು, ಬ್ಯಾಂಕ್ ಖಾತೆ ಇಲ್ಲದವರು ಬಂದರೆ ವಾಪಸ್ ಕಳಿಸುವುದು ವ್ಯಾಪಾರಕ್ಕೂ ನಷ್ಟ, ನೋಡುವುದಕ್ಕೂ ಚೆನ್ನಾಗಿರುವುದಿಲ್ಲ. ಒಂದು ದಿನಕ್ಕೆ ಸಾಕಾಗುವಷ್ಟು ಚಿಲ್ಲರೆ, ಕೈಯಲ್ಲಿ ಬರೆಯುವ ಒಂದು ಬಿಲ್ಲು ಪುಸ್ತಕ, ಇನ್ನೊಂದು ಕಂಪನಿಯ ಸಿಮ್. ಇಷ್ಟಿದ್ದರೆ ಸಾಕು. ಕೈಬಿಲ್ಲುಗಳನ್ನು ಅದೇ ರಾತ್ರಿ ಯಂತ್ರಕ್ಕೆ ಏರಿಸಿ.

10. ನೋಟಿಸ್ ಬಂದರೆ

ಹೆದರಿ ಕ್ಯೂಆರ್ ಕೋಡ್ ಕೀಳಬೇಡಿ. ಹಳೇ ದಾಖಲೆ ಅದರಿಂದ ಅಳಿಸಿಹೋಗುವುದಿಲ್ಲ. ಮೊದಲು ಉತ್ತರ ಕೊಡುವ ಕೊನೆ ದಿನ ಯಾವುದು ನೋಡಿ. ಅವರು ಹೇಳಿದ ಮೊತ್ತ ಯಾವ ಖಾತೆಯದು, ಯಾವ ವರ್ಷದ್ದು ಅಂತ ಗುರುತಿಸಿ. ಆಮೇಲೆ ಆ ಮೊತ್ತವನ್ನು ಒಡೆದು ಬರೆಯಿರಿ: ಇಷ್ಟು ತೆರಿಗೆ ಇರುವ ಸರಕಿನ ಮಾರಾಟ, ಇಷ್ಟು ತೆರಿಗೆ ಇಲ್ಲದ ಸರಕಿನದು, ಇಷ್ಟು ಸಾಲ, ಇಷ್ಟು ನನ್ನದೇ ಇನ್ನೊಂದು ಖಾತೆಯಿಂದ ಬಂದದ್ದು, ಇಷ್ಟು ಗ್ರಾಹಕರಿಗೆ ವಾಪಸ್ ಹೋದದ್ದು. ಪ್ರತಿ ಸಾಲಿಗೂ ಒಂದು ಕಾಗದ ಜೋಡಿಸಿ. ವಹಿವಾಟು ನೋಂದಣಿ ಮಿತಿ ದಾಟಿದ್ದು ನಿಜವಾಗಿದ್ದರೆ ಒಪ್ಪಿಕೊಂಡು ನೋಂದಣಿ ಮಾಡಿಸಿ, ಸಣ್ಣವರಿಗೆ ಇರುವ ಸರಳ ಯೋಜನೆಗೆ ಸೇರಬಹುದಾ ಅಂತ ಲೆಕ್ಕಪರಿಶೋಧಕರನ್ನು ಕೇಳಿ. ಉತ್ತರ ಕೊಟ್ಟ ಮೇಲೆ ಸ್ವೀಕೃತಿ ತೆಗೆದುಕೊಂಡು, ಆ ವರ್ಷದ ಬಿಲ್ಲು ಪುಸ್ತಕ, ಬ್ಯಾಂಕ್ ಸ್ಟೇಟ್‌ಮೆಂಟ್, ಪಾವತಿ ಆ್ಯಪ್‌ನ ವರದಿ ಎಲ್ಲವನ್ನೂ ಅದರ ಜೊತೆಗೇ ಒಂದೇ ಕಡತದಲ್ಲಿ ಇಡಿ. ಆ್ಯಪ್‌ನ ಹಳೇ ವರದಿಗಳು ಕೆಲವು ಸಲ ಮುಂದೆ ಸಿಗುವುದಿಲ್ಲ, ಹಾಗಾಗಿ ಅವನ್ನು ಪ್ರತಿ ತಿಂಗಳೂ ಇಳಿಸಿಕೊಂಡು ಎರಡು ಕಡೆ ಇಟ್ಟುಕೊಳ್ಳಿ.